ಸಂಪರ್ಕವಿಲ್ಲದ ಗಾಡಿಗೆ ಮೂರು ಮೀಟರು

ಸ್ವಾವಲಂಬಿ ವಾಹನಗಳ ತಪಾಸಣಾ ಕಚೇರಿಯು ತಾನು ಸ್ಥಾಪನೆಯಾದ ಹನ್ನೊಂದನೆಯ ವರ್ಷದಲ್ಲಿ ತನ್ನ ಮೊಟ್ಟಮೊದಲ ಪ್ರಮಾಣಪತ್ರವನ್ನು ನೀಡಿದೆ ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗುತ್ತಿದೆ. ಹಿಂದಿನ ಹತ್ತು ವರ್ಷ ನೀವೆಲ್ಲ ಏನು ಮಾಡುತ್ತಿದ್ದಿರಿ ಎಂದು ಕೆಲವರು ಕೇಳುತ್ತಾರೆ. ಅರ್ಜಿಯ ನಮೂನೆ ತಯಾರಿಸುತ್ತಿದ್ದೆವು. ಒಳ್ಳೆಯ ನಮೂನೆ ಅವಸರದಲ್ಲಿ ಆಗುವಂಥದ್ದಲ್ಲ.

ನಾನು ಈ ಕಚೇರಿಯ ಗುಮಾಸ್ತ. ಸ್ವಾವಲಂಬಿ ವಾಹನವೆಂದರೆ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆ. ಆದರೆ ಹೊರಗಿನ ಕರೆಂಟು, ನಲ್ಲಿ, ಚರಂಡಿ ಯಾವುದರ ಹಂಗೂ ಇಲ್ಲದೆ ಹತ್ತು ದಿನ ನಿಲ್ಲಬಲ್ಲಂಥದ್ದು. ಬೆಟ್ಟದಾಚೆಯ ಕೆರೆಯ ದಂಡೆಯಲ್ಲಿ ಇವುಗಳಿಗೆಂದೇ ಒಂದು ಬಯಲು ಬಿಟ್ಟಿದ್ದಾರೆ. ನಮ್ಮ ಪ್ರಮಾಣಪತ್ರ ನೋಡದೆ ಅಲ್ಲಿನ ಗೇಟಿನವನು ಅಡ್ಡಗಂಬ ಎತ್ತುವುದಿಲ್ಲ. ಅದುವರೆಗೆ ನಾವು ಯಾರಿಗೂ ಕೊಟ್ಟಿರಲಿಲ್ಲವಾದ್ದರಿಂದ ಬಯಲು ಬಹಳ ಸ್ವಚ್ಛವಾಗಿತ್ತು. ಅದಕ್ಕಾಗಿ ನಮ್ಮ ಸಾಹೇಬರಿಗೆ ಪರಿಸರ ಪ್ರಶಸ್ತಿಯೂ ಬಂದಿತ್ತು.

ಅರ್ಜಿದಾರರು ನಿವೃತ್ತ ಲಿಫ್ಟ್ ಮೆಕ್ಯಾನಿಕ್. ಊರೆಲ್ಲ ಅವರನ್ನು ಲಿಫ್ಟಣ್ಣ ಎನ್ನುತ್ತದೆ. ಅವರ ಹೆಂಡತಿ ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು, ಅವರು ಟೆಲಿಫೋನಕ್ಕ. ನಿವೃತ್ತಿಯ ದಿನ ಆಕೆ ಗಂಡನ ಹತ್ತಿರ ಒಂದೇ ಒಂದು ಕೇಳಿದ್ದರಂತೆ. "ರೀ, ನನಗೆ ಸೀರೆ ಬೇಡ, ಸರ ಬೇಡ. ಹತ್ತು ದಿನ ನನ್ನ ಕಿವಿ ಹತ್ರ ಏನೂ ಟ್ರಿಣ್ ಅನ್ನಬಾರದು. ಅಷ್ಟು ಮಾಡಿಕೊಡಿ ಸಾಕು."

ಲಿಫ್ಟಣ್ಣ ಕೋಳಿಗೂಡಾಗಿ ಬಿದ್ದಿದ್ದ ಒಂದು ಹಳೇ ಕ್ಯಾರವಾನ್ ಕೊಂಡು ತಂದರು. ಎಂಟು ತಿಂಗಳು ಅದರ ಕೆಲಸದಲ್ಲೇ ಮುಳುಗಿದರು. ಮಾಡಿನ ಮೇಲೆ ಎರಡು ಸೋಲಾರ್ ಹಲಗೆ, ಅವುಗಳಿಗೆ ಬಾಗಿಲಿನ ಕೀಲು ಹಾಕಿ ಸೂರ್ಯ ಹೋದ ಕಡೆಗೆ ವಾಲಿಸುವ ಹಗ್ಗ. ಮಂಚದ ಕೆಳಗೆ ನೀರಿನ ಟ್ಯಾಂಕು. ನಲ್ಲಿಗೆ ಹಳೇ ಹೊಲಿಗೆ ಯಂತ್ರದ ಪೆಡಲು: ತುಳಿದರೆ ನೀರು, ಕಾಲು ತೆಗೆದರೆ ನಿಂತಿತು. ಪಾತ್ರೆ ತೊಳೆದ ನೀರು ಮರಳು, ಇದ್ದಿಲಿನ ಡಬ್ಬಿ ದಾಟಿ ಮತ್ತೆ ಕೈತೊಳೆಯಲು ಬರುತ್ತಿತ್ತು. ಪಾಯಿಖಾನೆಗೆ ನೀರೇ ಬೇಡ, ಮರದ ಪುಡಿ. ಗೋಡೆಯೊಳಗೆ ಹಳೇ ಕಂಬಳಿ ತುರುಕಿದ್ದರಿಂದ ಒಳಗೆ ಕೂತರೆ ಹೊರಗಿನ ಹಾರ್ನೂ ಕೇಳುತ್ತಿರಲಿಲ್ಲ. ಹೆಂಡತಿಯ ಮಂಡಿ ಸವೆದಿತ್ತೆಂದು ಬಾಗಿಲಲ್ಲಿ ಒಂದು ಹಲಗೆ ಕುರ್ಚಿ; ಆಕೆ ಕೂತರೆ ಇವರು ಒಳಗಿನಿಂದ ಕೈಚಕ್ರ ತಿರುಗಿಸಿ ಮೇಲಕ್ಕೆಳೆದುಕೊಳ್ಳುತ್ತಿದ್ದರು. ಕೋಳಿಯ ವಾಸನೆಯೊಂದು ಮಾತ್ರ ಹೋಗಿರಲಿಲ್ಲ. ಅದು ನಮ್ಮ ನಿಯಮಾವಳಿಯಲ್ಲಿ ದೋಷವಲ್ಲ.

ಲಿಫ್ಟಣ್ಣ ಹೆಂಡತಿಯನ್ನು ಕರೆದುಕೊಂಡು ಹತ್ತನೇ ತಾರೀಖು ಅರ್ಜಿ ತಂದರು. ಮುಂದಿನ ತಿಂಗಳು ಇಪ್ಪತ್ತೆಂಟಕ್ಕೆ ಆಕೆಯ ಮಂಡಿ ಆಪರೇಷನ್. ಅದಾದ ಮೇಲೆ ಒಂದು ವರ್ಷ ಗಾಡಿ ಹತ್ತುವ ಮಾತೇ ಇಲ್ಲವೆಂದು ಡಾಕ್ಟರು ಹೇಳಿದ್ದರು.

ನಾನು ನಮೂನೆಯ ಹದಿನಾಲ್ಕನೇ ಕಾಲಮ್ಮಿನ ಮೇಲೆ ಬೆರಳಿಟ್ಟೆ. "ಇಲ್ಲಿ ಖಾಲಿ ಬಿಟ್ಟಿದ್ದೀರಲ್ಲ ಯಜಮಾನ್ರೇ? ವಿದ್ಯುತ್ ಸಂಪರ್ಕದ ನಂಬರು."

"ಸಂಪರ್ಕ ಇಲ್ಲ ಸಾರ್. ಅದಕ್ಕೇ ತಾನೇ ಈ ಅರ್ಜಿ."

"ಇಲ್ಲ ಅಂತ ನೀವು ಹೇಳಿದ್ರೆ ಆಗಲ್ಲ, ಮೀಟರು ಹೇಳಬೇಕು. ಸಂಪರ್ಕ ತಗೊಳ್ಳಿ, ಅದನ್ನ ಬಳಸಬೇಡಿ. ಮೂರು ತಿಂಗಳು ಮೀಟರು ಸೊನ್ನೆ ತೋರಿಸಿದ್ರೆ ನೀವು ಸ್ವಾವಲಂಬಿ."

"ಮೂರು ತಿಂಗಳಾ? ನಮಗಿರೋದೇ ನಲವತ್ತೆಂಟು ದಿನ!"

ಟೆಲಿಫೋನಕ್ಕ ಮಂಡಿ ನೀವಿಕೊಳ್ಳುತ್ತ ಮೇಜಿನ ಮೇಲಿನ ನಮ್ಮ ದೂರವಾಣಿಯನ್ನೇ ನೋಡುತ್ತಿದ್ದರು. ಅದು ಆಗ ಬಡಿದುಕೊಳ್ಳುತ್ತಿತ್ತು. ದೂರವಾಣಿ ಎತ್ತುವವರ ಹುದ್ದೆ ನಮ್ಮಲ್ಲಿ ಮಂಜೂರಾಗಿಲ್ಲದ ಕಾರಣ ಹನ್ನೊಂದು ವರ್ಷದಿಂದ ಅದನ್ನು ಯಾರೂ ಎತ್ತಿಲ್ಲ. ಆಕೆಯ ಬಲಗೈ ಎರಡು ಸಲ ಮೇಜಿನವರೆಗೆ ಬಂದು ಹಿಂದೆ ಹೋಯಿತು.

ನಮ್ಮ ಸಾಹೇಬರು ಕಟುಕರಲ್ಲ. ಕಡತ ತರಿಸಿಕೊಂಡು ಒಂದು ಗಂಟೆ ಯೋಚಿಸಿ, ಮೂರು ತಿಂಗಳಿಗೆ ಒಂದು ಮೀಟರ್ ಇಡುವ ಬದಲು ಒಂದು ತಿಂಗಳಿಗೆ ಮೂರು ಮೀಟರ್ ಇಡಬಹುದೆಂದು ವಿಶೇಷ ರಿಯಾಯಿತಿ ಆದೇಶ ಹೊರಡಿಸಿದರು. ತಪಾಸಣೆ ಸುಲಭವಾಗಲೆಂದು ಗಾಡಿಯನ್ನು ನಮ್ಮ ಕಟ್ಟಡದ ಮುಂದಿನ ಅಂಗಳದಲ್ಲೇ ನಿಲ್ಲಿಸಬೇಕು ಎಂದೂ ಸೇರಿಸಿದರು. ಆದೇಶದ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ "ತುರ್ತು" ಎಂದು ಬರೆದವನು ನಾನೇ. ನನಗೂ ಹೃದಯವಿದೆ.

ಒಂದು ವಾರದಲ್ಲಿ ಕಂಬ ಬಂತು, ಲೈನ್‌ಮನ್ ಬಂದ. ಆದರೆ ಅವನ ಉಗ್ರಾಣದಲ್ಲಿ ಮೀಟರುಗಳಿರಲಿಲ್ಲ.

"ತುರ್ತು ಅಂತ ಬರೆದಿದ್ದೀರಿ," ಎಂದ ಅವನು ನನ್ನನ್ನೇ ದುರುಗುಟ್ಟಿ ನೋಡುತ್ತ. "ತುರ್ತು ಅಂದ್ರೆ ಎಲ್ಲಿ ಸಿಗುತ್ತೋ ಅಲ್ಲಿಂದ ತಂದು ಹಾಕಬೇಕು. ನಿಮ್ಮ ಕಟ್ಟಡದಲ್ಲಿ ಸರಿಯಾಗಿ ಮೂರಿವೆ."

ನಮ್ಮದು ಮೂರು ಅಂತಸ್ತಿನ ಕಟ್ಟಡ. ಕೆಳಗೆ ಮುರಿದ ಕುರ್ಚಿಗಳು, ಮಧ್ಯೆ ಹಳೇ ಕಡತಗಳು, ಮೇಲೆ ನಾವು. ದೀಪಗಳಿಗೊಂದು, ನೀರಿನ ಪಂಪಿಗೊಂದು, ಲಿಫ್ಟಿಗೊಂದು ಮೀಟರ್. ಮೂರನ್ನೂ ಬಿಚ್ಚಿ, ಸೊನ್ನೆಗೆ ತಿರುಗಿಸಿ, ಲೈನ್‌ಮನ್ ಕ್ಯಾರವಾನಿನ ಪಕ್ಕದ ಕಂಬಕ್ಕೆ ಹಾಕಿ, ನನ್ನಿಂದ ಸಹಿ ಪಡೆದು ಸೈಕಲ್ ಹತ್ತಿದ. ಹದಿನೆಂಟನೇ ತಾರೀಖು, ಬೆಳಿಗ್ಗೆ ಹನ್ನೊಂದೂವರೆ. ಆ ಕ್ಷಣದಿಂದ ಕ್ಯಾರವಾನಿಗೆ ಬಳಸಬಾರದ ಸಂಪರ್ಕ ಮೂರು ಬಂದವು. ನಮ್ಮ ಕಚೇರಿಗೆ ಬಳಸಬೇಕಾದ ಒಂದೂ ಉಳಿಯಲಿಲ್ಲ.

ಫ್ಯಾನು ನಿಂತಿತು. ಪಂಪಿಲ್ಲದೆ ನಲ್ಲಿ ಬತ್ತಿತು. ಲಿಫ್ಟು ಎರಡನೇ ಅಂತಸ್ತಿನ ಹತ್ತಿರ ನಿಂತುಬಿಟ್ಟಿತು; ಪುಣ್ಯಕ್ಕೆ ಅದರೊಳಗೆ ಕಡತಗಳ ಒಂದು ಗಂಟು ಬಿಟ್ಟರೆ ಯಾರೂ ಇರಲಿಲ್ಲ. ಸಾಹೇಬರು ಮೆಟ್ಟಿಲಿಳಿದು ಅಂಗಳಕ್ಕೆ ಬಂದರು. "ತಪಾಸಣೆ" ಎಂದು ಘೋಷಿಸಿ ಹಲಗೆ ಕುರ್ಚಿಯಲ್ಲಿ ಕೂತರು. ಲಿಫ್ಟಣ್ಣ ಚಕ್ರ ತಿರುಗಿಸಿ ಅವರನ್ನು ಒಳಕ್ಕೆಳೆದುಕೊಂಡರು.

ಮೊದಲ ದಿನ ಸಾಹೇಬರು ತಮ್ಮ ಮೊಬೈಲು ಚಾರ್ಜಿಗೆ ಹಾಕಿ ಬ್ಯಾಟರಿಯ ಸಾಮರ್ಥ್ಯ ಪರಿಶೀಲಿಸಿದರು. ಎರಡನೇ ದಿನ ಫ್ಯಾನಿನ ಕೆಳಗೆ ಮಲಗಿ ಗಾಳಿಯ ಗುಣಮಟ್ಟ ಪರಿಶೀಲಿಸಿದರು. ಮೂರನೇ ದಿನ ನಾವು ಉಳಿದ ನಾಲ್ವರೂ ನೀರಿನ ತಪಾಸಣೆಗೆಂದು ಹೋಗಿ ಪೆಡಲು ತುಳಿದು ತುಳಿದು ಮುಖ ತೊಳೆದುಕೊಂಡೆವು. ವಾರ ಕಳೆಯುವುದರೊಳಗೆ ಸೀಲು, ಹಾಜರಿ ಪುಸ್ತಕ, ಕಡತಗಳ ಆರು ಗಂಟು, ಸಾಹೇಬರ ಚಪ್ಪಲಿ ಎಲ್ಲವೂ ಕ್ಯಾರವಾನಿಗೆ ಬಂದಿದ್ದವು. ಮಂಚ ಮಡಚಿದರೆ ಮೇಜಾಗುವಂತೆ ಲಿಫ್ಟಣ್ಣ ಮಾಡಿಟ್ಟಿದ್ದರು. ಅದು ಸಾಹೇಬರ ಮೇಜಾಯಿತು. ಗಂಡ ಹೆಂಡತಿ ಹೊರಗೆ ಚಕ್ರದ ನೆರಳಿನಲ್ಲಿ ಎರಡು ಮಡಚುವ ಕುರ್ಚಿ ಹಾಕಿಕೊಂಡು ಕೂತರು, ನಮಗೆ ಚಹಾ ಮಾಡಬೇಕಾದಾಗ ಮಾತ್ರ ಒಳಗೆ ಬರುತ್ತಿದ್ದರು.

"ಸಾಹೇಬ್ರೇ, ಇದು ನಮ್ಮ ಮನೆ," ಎಂದರು ಲಿಫ್ಟಣ್ಣ ಒಂದು ದಿನ, ಬಾಗಿಲಲ್ಲಿ ನಿಂತು.

"ಅಯ್ಯೋ, ಇಲ್ಲ ಅಂದವರು ಯಾರು?" ಎಂದರು ಸಾಹೇಬರು ಬಹಳ ವಿಶ್ವಾಸದಿಂದ. "ಎಂಥಾ ಅಚ್ಚುಕಟ್ಟು ಕೆಲಸ ಕಣ್ರೀ! ಹೊರಗಿನ ಸದ್ದೇ ಇಲ್ಲ. ನಿನ್ನೆ ಎರಡು ಗಂಟೆ ನಿದ್ದೆ ಮಾಡಿದೆ. ಟಿಪ್ಪಣೀಲಿ ಬರೀತೀನಿ."

ಆಮೇಲೆ ದೂರವಾಣಿ ಬಂತು. ಕಚೇರಿ ಎಲ್ಲಿರುತ್ತದೋ ದೂರವಾಣಿ ಅಲ್ಲಿರತಕ್ಕದ್ದು ಎಂಬ ನಿಯಮವಿದೆ. ಕ್ಯಾರವಾನಿನ ಒಲೆಯ ಪಕ್ಕ ಅದನ್ನಿಟ್ಟು ತಂತಿ ಎಳೆದರು. ಐದು ನಿಮಿಷವಾಗುವುದರೊಳಗೆ ಅದು ಬಡಿದುಕೊಂಡಿತು. ನಾವು ಅಭ್ಯಾಸದಂತೆ ಕೆಲಸ ಮುಂದುವರಿಸಿದೆವು. ಟೆಲಿಫೋನಕ್ಕ ಚಹಾದ ಲೋಟ ಇಡುತ್ತಿದ್ದರು. ಹತ್ತು ಸಲ ಬಡಿದುಕೊಂಡ ಮೇಲೆ ಆಕೆ ಕಣ್ಣು ಮುಚ್ಚಿ, ರಿಸೀವರ್ ಎತ್ತಿ, ಮೂವತ್ತೊಂದು ವರ್ಷ ಪಳಗಿದ ದನಿಯಲ್ಲಿ "ಸ್ವಾವಲಂಬಿ ವಾಹನಗಳ ಕಚೇರಿ, ಹೇಳಿ" ಎಂದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ನಮ್ಮ ಕಚೇರಿಯಲ್ಲಿ ಯಾರೋ ಫೋನ್ ಎತ್ತಿದರು ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನದಿಂದ ಫೋನು ಬಾಯಿ ಮುಚ್ಚಲೇ ಇಲ್ಲ. ಆಕೆ ಎತ್ತಿದರು. ಎತ್ತದೆ ಇರಲು ಆಕೆಯಿಂದ ಆಗುತ್ತಿರಲಿಲ್ಲ. ಸಾಹೇಬರು ಸಂತೋಷಪಟ್ಟು ಆಕೆಯನ್ನು ಗೌರವ ದೂರವಾಣಿ ನಿರ್ವಾಹಕಿ ಎಂದು ನೇಮಿಸಿ ಪತ್ರ ಕೊಟ್ಟರು. ಆಕೆ ಆ ಪತ್ರವನ್ನು ಓದುತ್ತಿದ್ದಾಗ ನಾನು ಅವರ ಮುಖ ನೋಡಿದೆ. ನನಗೆ ನಾಚಿಕೆಯಾಯಿತು, ನಿಜಕ್ಕೂ ಆಯಿತು. ಆದರೆ ಅದನ್ನು ನಮೂದಿಸಲು ಯಾವ ಕಾಲಮ್ಮೂ ಇರಲಿಲ್ಲ.

ಮುಂದಿನ ತಿಂಗಳ ಹದಿನೆಂಟನೇ ತಾರೀಖು ಬೆಳಿಗ್ಗೆ ಲೈನ್‌ಮನ್ ಬಂದು ಮೀಟರುಗಳನ್ನು ಓದಿದ. ಮೂರೂ ಸೊನ್ನೆ. ಇಡೀ ಸರ್ಕಾರಿ ಕಚೇರಿಯೊಂದು ಒಂದು ತಿಂಗಳು ಹೊರಗಿನ ಕರೆಂಟಿಲ್ಲದೆ ನಡೆದಿತ್ತು. ಸಾಹೇಬರಿಗೆ ಕಣ್ಣಲ್ಲಿ ನೀರು ಬಂತು.

ಲಿಫ್ಟಣ್ಣ ಕಾರು ತಂದು ಗಾಡಿಗೆ ಕೊಕ್ಕೆ ಸಿಕ್ಕಿಸಲು ಬಗ್ಗಿದ್ದರು. "ಪ್ರಮಾಣಪತ್ರ ಕೊಡಿ ಸಾರ್. ಇವತ್ತು ಹೊರಟ್ರೆ ಸರಿಯಾಗಿ ಹತ್ತು ದಿನ ಸಿಗುತ್ತೆ."

"ಪ್ರಮಾಣಪತ್ರಕ್ಕೆ ಏನೂ ತೊಂದರೆ ಇಲ್ಲ," ಎಂದರು ಸಾಹೇಬರು ಮಂಚದ ಮೇಜಿನಿಂದ. "ಗಾಡಿ ಅಲುಗಾಡೋ ಹಾಗಿಲ್ಲ, ಅಷ್ಟೇ. ಒಳಗೆ ಕಚೇರಿ ಇದೆ. ಕಚೇರಿ ಸ್ಥಳಾಂತರಕ್ಕೆ ಮೇಲಿನಿಂದ ಅಪ್ಪಣೆ ಆಗಬೇಕು. ಎರಡು ವರ್ಷ, ಹೆಚ್ಚಂದ್ರೆ ಮೂರು."

ಲಿಫ್ಟಣ್ಣ ಕೊಕ್ಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕುಕ್ಕರಿಸಿದರು. ಒಳಗೆ ಫೋನು ಬಡಿದುಕೊಳ್ಳತೊಡಗಿತು. ಟೆಲಿಫೋನಕ್ಕ ಒಂದೆರಡು ಹೆಜ್ಜೆ ಬಾಗಿಲ ಕಡೆ ಹೋದವರು ನಿಂತರು. ತಲೆಯೆತ್ತಿ ನಮ್ಮ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಲಿನ ನಿಮ್ಮ ರೂಮಲ್ಲಿ ಈಗ ಯಾರಿದ್ದಾರೆ?"

"ಯಾರೂ ಇಲ್ಲಮ್ಮ."

"ಕರೆಂಟು?"

"ಇಲ್ಲ."

"ನಲ್ಲಿ?"

"ಅದೂ ಇಲ್ಲ."

"ಫೋನು?"

"ಇಲ್ಲಿದೆಯಲ್ಲ, ಹೊಡ್ಕೊಳ್ತಾ ಇದೆ."

"ರೀ, ಏಳಿ," ಎಂದರು ಆಕೆ ಗಂಡನಿಗೆ. "ಕುರ್ಚಿ ಮಡಚಿ. ನೀರಿನ ಕ್ಯಾನು, ಮರದ ಪುಡಿ, ಒಲೆ ತಗೊಳ್ಳಿ. ಮೇಲೆ ಹೋಗೋಣ."

ಇದರಲ್ಲಿ ಒಂದೇ ಒಂದು ಕಾನೂನಿನ ತೊಡಕಿತ್ತು: ನಮ್ಮ ಪ್ರಮಾಣಪತ್ರವಿಲ್ಲದೆ ಯಾರೂ ಎಲ್ಲೂ ಶಿಬಿರ ಹೂಡುವಂತಿಲ್ಲ, ಮತ್ತು ಅದನ್ನು ವಾಹನಕ್ಕೆ ಮಾತ್ರ ಕೊಡಬಹುದು, ಕಟ್ಟಡಕ್ಕಲ್ಲ. ಕಡತದಲ್ಲಿ ನಾನು ಟಿಪ್ಪಣಿ ಬರೆದೆ: ಸದರಿ ಕಟ್ಟಡದೊಳಗೆ ಲಿಫ್ಟ್ ಇದ್ದು, ಅದು ಜನರನ್ನು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಸಾಗಿಸುವುದರಿಂದ, ಕಟ್ಟಡವನ್ನು ಲಂಬವಾಗಿ ಚಲಿಸುವ ವಾಹನವೆಂದು ಪರಿಗಣಿಸಬಹುದಾಗಿದೆ. ಮೂರು ಮೀಟರುಗಳೂ ಮೂಲತಃ ಕಟ್ಟಡದವೇ ಆಗಿದ್ದು ತಿಂಗಳಿಡೀ ಸೊನ್ನೆ ತೋರಿಸಿರುತ್ತವೆ. ಸಾಹೇಬರು ಎರಡು ಸಲ ಓದಿ, "ನೀನು ಇಷ್ಟು ದಿನ ಎಲ್ಲಿದ್ದೆಯಪ್ಪಾ?" ಎಂದು ಸಹಿ ಮಾಡಿದರು. ಪ್ರಮಾಣಪತ್ರ ಸಂಖ್ಯೆ ಒಂದು, ಹೀಗೆ ನಮ್ಮದೇ ಕಟ್ಟಡಕ್ಕೆ ಸಂದಿತು.

ಆದರೆ ಲಿಫ್ಟು ಚಲಿಸುತ್ತದೆಂದು ತೋರಿಸಬೇಕಲ್ಲ. ಟೆಲಿಫೋನಕ್ಕನಿಗೂ ಮೂರನೇ ಅಂತಸ್ತಿಗೆ ಹತ್ತುವ ಮಂಡಿಯಿರಲಿಲ್ಲ. ಲಿಫ್ಟಣ್ಣ ಮೆಟ್ಟಿಲು ಹತ್ತಿ ಮಾಡಿನ ಮೇಲಿನ ಯಂತ್ರದ ಕೋಣೆಗೆ ಹೋದರು. ಬ್ರೇಕು ಸಡಿಲಿಸಿ, ಕೈಚಕ್ರ ಹಿಡಿದು, ನಿಂತಿದ್ದ ಪೆಟ್ಟಿಗೆಯನ್ನು ಕೆಳಗಿಳಿಸಿದರು. ಆಕೆ ಕಡತದ ಗಂಟಿನ ಮೇಲೆ ಆರಾಮಾಗಿ ಕೂತರು. ಮತ್ತೆ ಚಕ್ರ ಮೇಲಕ್ಕೆ ತಿರುಗಿತು. ನಲವತ್ತು ನಿಮಿಷ ಹಿಡಿಯಿತು. ನಾವೆಲ್ಲ ಮೆಟ್ಟಿಲಲ್ಲಿ ಅಂತಸ್ತಿನಿಂದ ಅಂತಸ್ತಿಗೆ ನಿಂತು ನೋಡಿದೆವು. ಮೇಲಿನಿಂದ ಆಗಾಗ, "ಅಲ್ಲಾಡಿತಾ?" ಎಂದು ಅವರ ಕೂಗು. "ಇಲ್ಲಾರೀ, ತೊಟ್ಟಿಲ ಹಾಗಿದೆ," ಎಂದು ಆಕೆಯ ಉತ್ತರ.

ಇಪ್ಪತ್ತೇಳನೇ ತಾರೀಖು ಸಂಜೆ ಪ್ರಮಾಣಪತ್ರದ ಪ್ರತಿ ತಲುಪಿಸಲು ನಾನು ಮೇಲೆ ಹೋದೆ. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ಬಾಗಿಲು ಬಡಿಯತಕ್ಕದ್ದಲ್ಲ. ಹಾಗೇ ತಳ್ಳಿಕೊಂಡು ಒಳಗೆ ಹೋದೆ. ನನ್ನ ಮೇಜಿನ ಮೇಲೆ ಒಲೆಯಿತ್ತು. ಸಾಹೇಬರ ಕಿಟಕಿಯ ಪಕ್ಕ ಎರಡು ಮಡಚುವ ಕುರ್ಚಿ. ಲಿಫ್ಟಣ್ಣ ಅಂಗೈಯ ಬೊಕ್ಕೆಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. ಟೆಲಿಫೋನಕ್ಕ ಕಾಲನ್ನು ಕಿಟಕಿಯ ಕಟ್ಟೆಗೆ ಚಾಚಿ ಕೂತಿದ್ದರು. ಆಚೆ ಛಾವಣಿಗಳು, ಒಣಗಿದ ಬಟ್ಟೆಗಳು, ದೂರದಲ್ಲಿ ಆ ಬೆಟ್ಟ. ಬೆಟ್ಟದ ಹಿಂದೆ ಕೆರೆಯಿರುತ್ತದೆ, ಇಲ್ಲಿಗೆ ಕಾಣುವುದಿಲ್ಲ.

ಆಗ ಕೆಳಗೆ ಅಂಗಳದಲ್ಲಿ ಫೋನು ಬಡಿದುಕೊಂಡಿತು. ಕಂಬಳಿ ತುರುಕಿದ ಗೋಡೆ ದಾಟಿ, ಮೂರು ಅಂತಸ್ತು ಏರಿ ಬರುವಷ್ಟರಲ್ಲಿ ಅದು ಸೊಳ್ಳೆಯ ಸದ್ದಿನಷ್ಟಾಗಿತ್ತು. ಆಕೆಯ ಬಲಗೈ ಕಿವಿಯ ಹತ್ತಿರಕ್ಕೆ ಹೋಯಿತು. ಅಲ್ಲೇ ನಿಂತಿತು. ಕಿವಿಯ ಓಲೆ ಸರಿಪಡಿಸಿಕೊಂಡು ಮಡಿಲಿಗೆ ವಾಪಸು ಬಂತು.

"ನಮ್ದಲ್ಲ ಬಿಡಿ," ಎಂದರು ಆಕೆ, ನಗುತ್ತ.

ಸದ್ಯಕ್ಕೆ ನಮ್ಮ ಕಚೇರಿ ಕ್ಯಾರವಾನಿನಲ್ಲೇ ಸುಗಮವಾಗಿ ನಡೆಯುತ್ತಿದೆ. ಮೂರನೇ ಅಂತಸ್ತಿನಲ್ಲಿ ಹತ್ತು ದಿನ ಕಳೆಯಲು ಈವರೆಗೆ ನೂರಾ ಆರು ಅರ್ಜಿಗಳು ಬಂದಿವೆ. ಪ್ರತಿಯೊಬ್ಬ ಅರ್ಜಿದಾರರೂ ತಮ್ಮ ಕ್ಯಾರವಾನನ್ನು ಯಾವುದಾದರೊಂದು ಕಚೇರಿಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಮಂಡಿಯ ಆಪರೇಷನ್ ಚೆನ್ನಾಗಾಯಿತೆಂದು ತಿಳಿದುಬಂದಿದೆ. ಹೆಚ್ಚಿನ ವಿವರಗಳಿಗೆ ಸಾರ್ವಜನಿಕರು ಕಚೇರಿಯ ಸಮಯದಲ್ಲಿ ದೂರವಾಣಿ ಮಾಡಬಹುದು. ಯಾರೂ ಎತ್ತುವುದಿಲ್ಲ.