ಮ್ಯಾಂಡೊಲಿನ್ ಕುದುರೆಗೆ ವಿಭೂತಿ

ನಮ್ಮಣ್ಣನ ಕೈಗೆ ಸಿಕ್ಕ ಯಾವ ವಸ್ತುವೂ ಇಡಿಯಾಗಿ ಉಳಿದ ಉದಾಹರಣೆಯಿಲ್ಲ. ಸಿಟ್ಟಿನಲ್ಲಿ ಹೇಳುತ್ತಿದ್ದೇನೆ ಎಂದುಕೊಂಡಿರಾ? ಹೌದು, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ! ಅವನಿರುವುದು ಕಮಲಾಪುರದಲ್ಲಿ, ನಾನಿರುವುದು ಕಲಬುರಗಿಯ ಐವಾನ್-ಎ-ಶಾಹಿಯಲ್ಲಿ. ನಡುವೆ ಅಷ್ಟು ದೂರವಿರುವುದರಿಂದಲೇ ನಮ್ಮ ಮನೆಯ ಫ್ಯಾನು ಇನ್ನೂ ತಿರುಗುತ್ತಿದೆ.

ಒಮ್ಮೆ ವೈನಿಯ, ಎಂದರೆ ಅವನ ಹೆಂಡತಿಯ, ಮಿಕ್ಸರನ್ನು "ಜರಾ ಸ್ವಚ್ಛ ಮಾಡ್ತೀನಿ" ಎಂದು ಬಿಚ್ಚಿದ. ಮತ್ತೆ ಕೂಡಿಸುವಾಗ ಒಂದು ಸ್ಕ್ರೂ, ಒಂದು ರಬ್ಬರ್ ಬಳೆ ಉಳಿದವು. "ಕಂಪನಿಯವ್ರು ಹೆಚ್ಚಿಗಿ ಹಾಕಿರ್ತಾರ" ಅಂದ. ಗುಂಡಿ ಒತ್ತಿದ್ದೇ ತಡ, ಶೇಂಗಾ ಚಟ್ನಿಯೆಲ್ಲ ಗೋಡೆಗೆ ಹಾರಿತು. ಪುಣ್ಯಾತ್ಮ ಗೋಡೆಯನ್ನೇ ನೋಡುತ್ತ, "ಭಾಳ ಸಣ್ಣಗ ರುಬ್ಬ್ಯಾದ ನೋಡು!" ಅನ್ನಬೇಕೆ? ಇಂಥವನಿಗೆ ಏನು ಮಾಡಬೇಕು, ನೀವೇ ಹೇಳಿ.

ಮಿಕ್ಸರ್ ಹಾಳಾಗಲಿ, ಅದು ವೈನಿಯದು. ಆದರೆ ಮ್ಯಾಂಡೊಲಿನ್? ನಾನು ಹಾಡುವುದು, ಅವನು ಮ್ಯಾಂಡೊಲಿನ್ ನುಡಿಸುವುದು ನಮ್ಮ ಸಣ್ಣಂದಿನಿಂದ ನಡೆದು ಬಂದದ್ದು. ಹೋದ ವರ್ಷ ನನ್ನ ಗಂಟಲಿಗೆ ಆಪರೇಶನ್ ಆಯಿತು. ಅಂದಿನಿಂದ ಮೇಲಿನ ಸ್ವರಕ್ಕೆ ಹೋದರೆ ದನಿ ಒಡೆಯುತ್ತದೆ. ದನಿ ಒಡೆಯುವುದನ್ನು ಯಾರಿಗೂ ಹೇಳಿರಲಿಲ್ಲ. ಶ್ರಾವಣ ಸೋಮವಾರ ಕಮಲಾಪುರದ ಮಠದ ಭಜನೆಯಲ್ಲಿ ಒಂದು ಸಲ ಹಾಡಿ ನೋಡುವುದು, ಅಲ್ಲಿಯೂ ದನಿ ಒಡೆದರೆ ಹಾಡುವುದನ್ನೇ ಬಿಟ್ಟುಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅದೇ ಸೋಮವಾರವೇ ಈ ಮಹಾರಾಯನಿಗೆ ತಂತಿ ಬದಲಿಸುವ ಹುಕಿ! ಒಂದೊಂದೇ ತಂತಿ ತೆಗೆದು ಒಂದೊಂದೇ ಹಾಕಬೇಕು. ಇವನು ಎಂಟನ್ನೂ ಒಮ್ಮೆಗೇ ಕಿತ್ತಿದ್ದ. ಮ್ಯಾಂಡೊಲಿನ್ನಿನ ಕುದುರೆಗೆ, ಎಂದರೆ ತಂತಿಗಳನ್ನು ಹೊತ್ತು ನಿಲ್ಲುವ ಆ ಮರದ ತುಂಡಿಗೆ, ಮೊಳೆಯಿಲ್ಲ, ಅಂಟಿಲ್ಲ. ತಂತಿಯ ಭಾರಕ್ಕೇ ಅದು ನಿಂತಿರುತ್ತದೆ. ತಂತಿ ಹೋದವು, ಕುದುರೆ ಬಿತ್ತು. ಹೊಸ ತಂತಿಗೆ ಪೂಜೆಯಾಗಬೇಕಲ್ಲ? ಕುದುರೆಗೂ ನೀರು ಹಾಕಿ, ಮೂರು ಬೆರಳು ವಿಭೂತಿ ಎಳೆದು, ದೇವರ ಜಗಲಿಯ ಮೇಲೆ ಕೂರಿಸಿದ್ದ!

"ಅದು ನಿಂತ ಜಾಗಾ ಹೆಂಗ ಗೊತ್ತಾಗ್ತದೋ?" ಎಂದು ಬಂದವಳೇ ಬೆಂಕಿಯಾದೆ.

"ಗುರ್ತು ಮಾಡೀನಿ ತಂಗಿ. ಅಷ್ಟು ದಡ್ಡ ಅಲ್ಲ ನಾ."

ಗುರುತು ಯಾವುದರಿಂದ ಮಾಡಿದ್ದ? ವಿಭೂತಿಯಿಂದ! ವಾದ್ಯದ ಹೊಟ್ಟೆಯ ಮೇಲೆ ಬೆಳ್ಳಗೆ ಒಂದು ಗೆರೆ. ವೈನಿ ಮಡಿಯಿಂದ ಬಂದು, ಪೂಜೆಗೆ ಇಟ್ಟದ್ದಕ್ಕೆ ಧೂಳಾಗಿದೆಯೆಂದು ಹಸಿ ಬಟ್ಟೆಯಿಂದ ಒರೆಸಿಬಿಟ್ಟಿದ್ದರು.

ಕುದುರೆಯನ್ನು ಅಂದಾಜಿಗೆ ನಿಲ್ಲಿಸಿ, ತಂತಿ ಬಿಗಿದು, ಶ್ರುತಿ ಮಾಡಿ ನುಡಿಸಿದ. ಬರೀ ತಂತಿ ಮೀಟಿದರೆ ಬರೋಬರಿ. ಬೆರಳಿಟ್ಟು ಮೇಲೇರಿದಂತೆಲ್ಲ ಸ್ವರ ಬೇಕಾದ್ದಕ್ಕಿಂತ ಏರಿಬಿಡುತ್ತಿತ್ತು.

"ಅಣ್ಣಾ, ಅಪಸ್ವರ ಬರಾಕತ್ತದ."

"ನಿನ್ನ ಕಿವಿಗೇನಾಗ್ಯಾದ?"

"ಆಪರೇಶನ್ ಆಗಿದ್ದು ಗಂಟಲಿಗಿ, ಕಿವಿಗಲ್ಲ! ಕೊಡು ಇಲ್ಲಿ!"

ಕಿತ್ತುಕೊಂಡೆ. ತಂತಿಯ ನಟ್ಟನಡುವಿಗೆ ಬರುವ ಮೆಟ್ಟಿನ ಮೇಲೆ ಬೆರಳನ್ನು ಸುಮ್ಮನೆ ತಾಗಿಸಿ ಮೀಟಿದೆ, ಆಮೇಲೆ ಅಲ್ಲೇ ಒತ್ತಿ ಮೀಟಿದೆ. ಎರಡೂ ಒಂದೇ ಸ್ವರವಾಗಬೇಕು. ಒತ್ತಿದ್ದು ಏರಿತ್ತು. ಹಾಗಿದ್ದರೆ ಕುದುರೆ ಹಿಂದಕ್ಕೆ, ತಂತಿ ಕಟ್ಟಿದ ತುದಿಯ ಕಡೆಗೆ ಸರಿಯಬೇಕು. ಅವನು ಬಗ್ಗಿ ಮುಂದಕ್ಕೆ ತಳ್ಳಿದ. "ಹಿಂದಕ್ಕೋ ಮಾರಾಯಾ!" ಎಂದು ಕೈಗೆ ಬಾರಿಸಿದೆ. ತಂತಿ ಸಡಿಲಿಸುವುದು, ಜೋಳದ ಕಾಳಿನಷ್ಟು ಸರಿಸುವುದು, ಬಿಗಿಯುವುದು, ಮತ್ತೆ ಮೀಟುವುದು. ಇಡೀ ಮಧ್ಯಾಹ್ನ ಇದೇ ಆಯಿತು. ದಪ್ಪ ತಂತಿಗಳು ಬೇರೆ, ನನ್ನ ಬೆರಳ ತುದಿ ಉರಿಯತೊಡಗಿತು. ಮಠದಿಂದ ಕರೆ ಬರುವ ಹೊತ್ತಿಗೆ ಎರಡು ಸ್ವರಗಳೂ ಒಂದಾದವು. ಕೃತಜ್ಞತೆ ಬೇಡವೇ? "ನಾ ಇಟ್ಟ ಜಾಗಾನೂ ಹೆಚ್ಚು ಕಡಿಮಿ ಅದೇ ಇತ್ತು" ಅಂದ!

ಸಿಟ್ಟಿನಿಂದಲೇ ಮಠಕ್ಕೆ ಹೋಗಿ ಕೂತೆ. ಹಾರ್ಮೋನಿಯಂ ಮಾಸ್ತರರು, "ಶ್ರುತಿ ಯಾವ ಮನಿ ರೀ ಅಕ್ಕಾರ? ಯಾವಾಗ್ಲೂ ಹಾಡೋ ಬಿಳಿ ನಾಲ್ಕೇ ಹೌದಲ್ಲ?" ಎಂದು ಕೇಳಿದರು. ನಾನು ಹೂಂ ಅನ್ನುವ ಮೊದಲೇ ಅಣ್ಣ ಬಾಯಿ ಹಾಕಿದ.

"ಅಲ್ರೀ. ಕರಿ ಎರಡು ಹಿಡೀರಿ."

ನನ್ನ ಶ್ರುತಿಯನ್ನು ನನ್ನನ್ನು ಕೇಳದೆ ಎರಡು ಮನೆ ಕೆಳಗಿಳಿಸಲು ಇವನ್ಯಾರು? ಮಂದಿಯ ನಡುವೆ ಕೂಗಾಡುವಂತಿಲ್ಲ. ಹಲ್ಲು ಕಚ್ಚಿಕೊಂಡು, "ಏನ್ ಮಾಡಾಕತ್ತೀದಿ ನೀ?" ಅಂದೆ.

ಅವನು ತಲೆ ಎತ್ತಲಿಲ್ಲ. ಮ್ಯಾಂಡೊಲಿನ್ನಿನ ಬಿರಡೆ ತಿರುವಿ ತಂತಿ ಇಳಿಸುತ್ತ ನನಗಷ್ಟೇ ಕೇಳುವಂತೆ ಹೇಳಿದ: "ಫೋನಿನ್ಯಾಗ ಮಾತಾಡ್ಕೋತ, ರೊಟ್ಟಿ ಬಡ್ಕೋತ ಗುನುಗ್ತಿಯಲ್ಲ, ಈಗೀಗ ಕರಿ ಎರಡರಾಗೇ ಹಾಡ್ತಿ ನೀ. ಹಳೀ ತಂತಿ ಅಷ್ಟು ಇಳಿಸಿದ್ರ ಸಡಿಲಾಗಿ ಗರಗರ ಅಂತಾವ. ಅದಕ್ಕ ದಪ್ಪನ್ನ ತಂತಿ ಹಾಕೀನಿ. ಅಂಜಬ್ಯಾಡ, ಎತ್ತು."

ಬೈಯಲು ತೆರೆದ ಬಾಯಿಂದಲೇ ಹಾಡು ಎತ್ತಿದೆ. ಪಲ್ಲವಿ ದಾಟಿ ಮೇಲಿನ ಸ್ವರ ಬಂತು. ದನಿ ಒಡೆಯಲಿಲ್ಲ! ಪಕ್ಕದಲ್ಲಿ ಮ್ಯಾಂಡೊಲಿನ್ ನನ್ನ ದನಿಯ ಜೊತೆಗೇ ಅಲ್ಲಿಗೆ ಬಂದು ನಿಂತಿತ್ತು. ಕಣ್ಣು ತುಂಬಿ ಬಂದಿದ್ದವು, ಒರೆಸಿಕೊಳ್ಳಲು ಹೊತ್ತಿರಲಿಲ್ಲ. ಮುಂದಿನ ನುಡಿ ಎತ್ತಬೇಕಿತ್ತು.