ಕಣ್ಣಿಗೊತ್ತಿಕೊಂಡ ಬಟ್ಟೆ ತುಂಡು

ಜೆರಾಕ್ಸ್ ಅಂಗಡಿ ಇಟ್ಟುಕೊಂಡವನಿಗೆ ಸುಮ್ಮನೆ ಕೂರುವ ಬುದ್ಧಿ ಇರುವುದಿಲ್ಲ. ಐವತ್ತು ದಾಟಿದ ಮೇಲೆ ಫುಟ್‌ಬಾಲ್ ಕಾರ್ಡು ಕೂಡಿಸುವ ಹುಚ್ಚು ಬೇರೆ ಹತ್ತಿಕೊಂಡರೆ ಮರ್ಯಾದೆ ಹೋಗುವ ಪ್ರಸಂಗಗಳು ಮನೆ ಹುಡುಕಿಕೊಂಡು ಬರುತ್ತವೆ. ಕೆಳಗಿನದೆಲ್ಲ ನಡೆದದ್ದೇ. ನನ್ನ ತಪ್ಪು ಕಡಿಮೆ ಅಂತ ಕಂಡ ಕಡೆ ಮಾತ್ರ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

೧. ಕೊರಿಯರ್ ಬಂತು

ಈ ಕಾರ್ಡು ಇಸ್ಪೀಟೆಲೆಗಿಂತ ಒಂಚೂರು ದಪ್ಪ. ಮೇಲೆ ಆಟಗಾರನ ಫೋಟೋ, ಕೆಳಗೆ ಅವನದೇ ಕೈಯ ಸಹಿ, ನಡುವೆ ಪುಟ್ಟ ಕಿಟಕಿ ಕತ್ತರಿಸಿ ಅವನು ಪಂದ್ಯದಲ್ಲಿ ತೊಟ್ಟ ಜೆರ್ಸಿಯ ಚೂರು ಕೂರಿಸಿರುತ್ತಾರೆ. ಒಂದೊಂದು ಬಗೆಯಲ್ಲಿ ಇಪ್ಪತ್ತೈದೋ ಐವತ್ತೋ ಮಾತ್ರ ಮಾಡಿ ನಂಬರ್ ಹಾಕುತ್ತಾರೆ. ಎಷ್ಟು ಕಡಿಮೆಯೋ ಅಷ್ಟು ಬೆಲೆ, ಅಷ್ಟು ಹುಚ್ಚು.

ಮೊದಲ ಕಾರ್ಡು ಶಿವಮೊಗ್ಗದ ನಮ್ಮ ಮನೆಗೆ ಬಂದ ದಿನ ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದಳು.

"ಏನ್ರೀ ಇದು ಚಿಂದಿ?"

"ಚಿಂದಿ ಅಲ್ಲ ಮಾರಾಯ್ತಿ, ಜೆರ್ಸಿ. ತೊಂಬತ್ತು ನಿಮಿಷ ಓಡಿ ಬೆವರಿದ್ದು. ಒಗೆದೇ ಇಲ್ಲ!"

"ದುಡ್ಡು ಕೊಟ್ಟು ತರಿಸಿದ್ರಾ?"

"ಮತ್ತೆ? ಸುಮ್ನೆ ಕೊಡ್ತಾರಾ?"

ಸೀದಾ ಬಚ್ಚಲಿಗೆ ಹೋದಳು. ಬಕೆಟ್ಟಿನಿಂದ ನನ್ನ ಬನಿಯನ್ನನ್ನು ಎರಡು ಬೆರಳಲ್ಲಿ ಎತ್ತಿ ತಂದು ನನ್ನ ಮಡಿಲಿಗೆ ಹಾಕಿದಳು.

"ತಗೊಳ್ಳಿ. ಇದು ಫ್ರೀ."

೨. ಆಯುಧಪೂಜೆ

ಮನೆಯಲ್ಲಿ ಯಾರೂ ಮುಟ್ಟದ ಜಾಗ ದೇವರ ಗೂಡು ಅಂತ ಆ ಕಾರ್ಡನ್ನು ಅಲ್ಲಿಟ್ಟಿದ್ದೆ. ಯಾರೂ ಅಂದರೆ ಅಮ್ಮನನ್ನು ಬಿಟ್ಟು.

ಆಯುಧಪೂಜೆಯ ದಿನ ಅಮ್ಮ ಕತ್ತರಿ, ಕುಡುಗೋಲು, ಸ್ಕೂಟರು, ಅಂಗಡಿಯ ಜೆರಾಕ್ಸ್ ಮಿಷನ್ನು ಎಲ್ಲಕ್ಕೂ ವಿಭೂತಿ ಎಳೆದು, ಕೊನೆಗೆ ಗೂಡಿಗೆ ಬಂದಿದ್ದಾಳೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಯುರೋಪಿನ ಮುಂಚೂಣಿ ಆಟಗಾರನ ಹಣೆ ಮೇಲೆ ಮೂರು ಪಟ್ಟೆ, ನಡುವೆ ಕುಂಕುಮ, ತಲೆ ಮೇಲೆ ಸೇವಂತಿಗೆ ಎಸಳು.

"ಅಮ್ಮಾ! ಪ್ಲಾಸ್ಟಿಕ್ ಕವರ್ ಯಾಕೆ ತೆಗೆದೆ?"

"ಕವರಿಗೆ ಹಚ್ಚಿದ್ರೆ ಅವನಿಗೆ ಮುಟ್ಟುತ್ತೇನೋ? ಪಾಪ, ಅವನೂ ಕಾಲಲ್ಲಿ ದುಡಿಯೋನು."

ಅಳುತ್ತಾ ಭದ್ರಾವತಿಯ ಗೆಳೆಯನಿಗೆ ಫೋಟೋ ಕಳಿಸಿದೆ. ಕಾರ್ಖಾನೆಯಲ್ಲಿದ್ದು ರಿಟೈರಾದವನು, ಅಲ್ಲಿನ ಟೀಮಿನ ಹಳೇ ಗೋಲ್‌ಕೀಪರು, ಈ ಹುಚ್ಚು ನನಗೆ ಅಂಟಿಸಿದವನೂ ಅವನೇ. ತಕ್ಷಣ ಫೋನ್ ಮಾಡಿದ.

"ಅಳಬೇಡ ಮಚ್ಚಾ. ಇದರಲ್ಲಿ ಇಪ್ಪತ್ತೈದು ಮಾಡಿದ್ರು. ವಿಭೂತಿ ಹಚ್ಕೊಂಡಿರೋದು ಪ್ರಪಂಚದಲ್ಲಿ ಒಂದೇ!"

೩. ಪಟ್ಟೆ ಜೆರ್ಸಿ

ಆ ಗೆಳೆಯನ ಹತ್ತಿರ ಒಂದು ಕಾರ್ಡಿತ್ತು. ದೊಡ್ಡ ಗೋಲ್‌ಕೀಪರೊಬ್ಬನ ಸಹಿ, ಜೊತೆಗೆ ಅವನ ಗ್ಲೌಸಿನ ತುಂಡು. ಅದಕ್ಕಾಗಿ ಎರಡು ವರ್ಷ ನಿದ್ದೆಗೆಟ್ಟೆ. ಬದಲಿಗೆ ನನ್ನ ನಾಲ್ಕು ಕಾರ್ಡು ಕೊಡ್ತೀನಿ ಅಂದೆ. "ಹೆಂಡ್ತೀನ ಕೇಳು, ಯೋಚನೆ ಮಾಡ್ತೀನಿ. ಗ್ಲೌಸು ಕೇಳಬೇಡ," ಅಂದ.

ಅವನಿಗೊಂದು ದೌರ್ಬಲ್ಯ. ನೀಲಿ-ಬಿಳಿ ಪಟ್ಟೆ ಜೆರ್ಸಿಯ ಹಳೇ ಆಟಗಾರನೊಬ್ಬ ಅವನಿಗೆ ದೇವರು. ಹುಡುಗನಾಗಿದ್ದಾಗಿಂದ ಅವನ ಫೋಟೋ ಪರ್ಸಿನಲ್ಲಿ.

ನಾನು ಬರೀ ತಮಾಷೆಗೆ, ದೇವರಾಣೆ ತಮಾಷೆಗೆ, ಅಂಗಡಿಯಲ್ಲಿ ಆ ಆಟಗಾರನದೊಂದು ಕಾರ್ಡಿನ ಕಲರ್ ಪ್ರಿಂಟ್ ತೆಗೆದೆ. ಸಹಿಗೆ ನಮ್ಮ ಡಾಕ್ಟರ ಚೀಟಿ ನೋಡಿ ಅಭ್ಯಾಸ ಮಾಡಿದೆ. ಮೆಡಿಕಲ್ಲಿಗೆ ಕೊಟ್ಟಿದ್ದರೆ ಗ್ಯಾಸಿನ ಮಾತ್ರೆ ಸಿಗುತ್ತಿತ್ತು. ಬಟ್ಟೆಗೆ? ನನ್ನ ಹಳೇ ಪಟಾಪಟಿ ಚಡ್ಡಿ ಇತ್ತಲ್ಲ, ನೀಲಿ-ಬಿಳಿ ಪಟ್ಟೆಯದ್ದು.

ಭದ್ರಾವತಿ ಬಸ್ಸು ಹತ್ತಿ ಹೋದೆ. ಅವನು ಲೆನ್ಸ್ ಹಿಡಿದು ನೋಡಿದ.

"ಮೂಲೇಲಿ ಹಳದಿ ದಾರದ ಹೊಲಿಗೆ ಇದೆಯಲ್ಲೋ?"

"ಡಿಫೆಂಡರ್ ಎಳೆದಾಗ ಹರಿದದ್ದು. ಹಾಫ್ ಟೈಮಲ್ಲಿ ಹೊಲಿದಿದಾರೆ."

ಅವನ ಕಣ್ಣು ತುಂಬಿತು. ಕಾರ್ಡನ್ನು ಕಣ್ಣಿಗೊತ್ತಿಕೊಂಡ. ಒಳಗೆ ಹೋಗಿ ಗ್ಲೌಸಿನ ಕಾರ್ಡು ತಂದು ನನ್ನ ಕೈಯಲ್ಲಿಟ್ಟ. ಈಗ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನ ಹೆಂಡತಿ ಬಾಯಿಗೆ ಕೇಸರಿಬಾತ್ ಹಾಕಿದರು. ತಪ್ಪು ಕೇಸರಿಬಾತಿನದು.

೪. ದರ್ಶನ

ಹತ್ತು ದಿನ ಗ್ಲೌಸಿನ ಕಾರ್ಡು ನೋಡಿದಾಗಲೆಲ್ಲ ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಹೇಳಿದರೆ ಕಾರ್ಡೂ ಹೋಗುತ್ತೆ, ಮೂವತ್ತು ವರ್ಷದ ಗೆಳೆತನವೂ ಹೋಗುತ್ತೆ. ಅಷ್ಟರಲ್ಲಿ ಅವನೇ ಫೋನ್ ಮಾಡಿದ. "ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ. ನಮ್ಮ ಹಳೇ ಟೀಮನ್ನೆಲ್ಲ ಕರೆದಿದೀನಿ, ಕೋಚೂ ಬರ್ತಾರೆ. ತಂಗೀನೂ ಕರ್ಕೊಂಡ್ ಬಾ."

ತಂಗಿ ಅಂದರೆ ನನ್ನ ಹೆಂಡತಿ. ಬೇಡ ಅಂದರೂ ಹೊರಟಳು. ಧೈರ್ಯ ಬಂದರೆ ಹೇಳಿಬಿಡೋಣ ಅಂತ ಗ್ಲೌಸಿನ ಕಾರ್ಡನ್ನೂ ಜೇಬಿಗಿಟ್ಟುಕೊಂಡೆ.

ಹೋಗಿ ನೋಡಿದರೆ ಹನ್ನೊಂದು ಜನ ಮುದುಕರು ಇಸ್ತ್ರಿ ಶರ್ಟಿನಲ್ಲಿ ಸಾಲಾಗಿ ನಿಂತಿದ್ದಾರೆ. ಬೆಳ್ಳಿ ತಟ್ಟೆಯಲ್ಲಿ ವೀಳ್ಯದೆಲೆ, ಮಲ್ಲಿಗೆ, ನಡುವೆ ನನ್ನ ಚಡ್ಡಿ. ತಟ್ಟೆ ಮಂಗಳಾರತಿಯ ಹಾಗೆ ಕೈಯಿಂದ ಕೈಗೆ ಹೊರಟಿತು. ಒಬ್ಬೊಬ್ಬರೂ ಕಾರ್ಡಿನ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡರು. ಒಬ್ಬರಂತೂ ಅಭ್ಯಾಸಬಲದಿಂದ ತಟ್ಟೆಗೆ ಹತ್ತು ರೂಪಾಯಿ ಹಾಕಿದರು. ಎಂಬತ್ತು ದಾಟಿದ ಕೋಚು ಎರಡು ಕಣ್ಣಿಗೂ ಒತ್ತಿಕೊಂಡು, ಸಾಲದು ಅಂತ ಮುತ್ತಿಟ್ಟರು.

ತಟ್ಟೆ ನನ್ನ ಹೆಂಡತಿಯ ಮುಂದೆ ಬಂತು. ಅವಳು ಕನ್ನಡಕ ಹಾಕಿಕೊಂಡಳು. ಹಳದಿ ದಾರ ನೋಡಿದಳು. ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ.

"ಕಣ್ಣಿಗೊತ್ಕೋ ತಂಗಿ," ಅಂದ ಗೆಳೆಯ.

"ಅಣ್ಣಾ, ಇದನ್ನ ಆರು ವರ್ಷ ಒಗೆದಿದೀನಿ, ನೀಲಿ ದಾರ ಸಿಗದೆ ಹಳದೀಲಿ ಹೊಲಿದಿದೀನಿ. ಇನ್ನು ಕಣ್ಣಿಗೆ ಬೇರೆ ಒತ್ಕೋಬೇಕಾ? ಇದು ಇವರ ಪಟಾಪಟಿ ಚಡ್ಡಿ."

ಮೊದಲು ಓಡಿದ್ದು ಕೋಚು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ನಲ್ಲಿ ಕಡೆ ಓಡಿದವರನ್ನು ನಾನು ಬೇರೆ ಕಂಡಿಲ್ಲ. ಹಿಂದೆ ಇಡೀ ಟೀಮು.

ಜೇಬಿನಿಂದ ಗ್ಲೌಸಿನ ಕಾರ್ಡು ತೆಗೆದು ಗೆಳೆಯನ ಮುಂದೆ ಹಿಡಿದೆ. "ತಪ್ಪಾಯ್ತು ಕಣೋ. ಇದು ನಿಂದು. ಅದನ್ನ ಕೊಟ್ಬಿಡು, ಹರಿದು ಹಾಕ್ತೀನಿ."

ಅವನ ಮುಖ ಕೆಂಪಾಯಿತು, ತುಟಿ ಅದುರಿತು. ಹೊಡೆಯುತ್ತಾನೆ ಅಂದುಕೊಂಡು ಕಣ್ಣು ಮುಚ್ಚಿದೆ. ಕೇಳಿದ್ದು ನಗು. ಗೋಡೆ ಹಿಡಿದುಕೊಂಡು, ಬಗ್ಗಿ ಬಗ್ಗಿ ನಗುತ್ತಿದ್ದ. ಗ್ಲೌಸಿನ ಕಾರ್ಡು ಕಿತ್ತುಕೊಂಡ, ಚಡ್ಡಿ ಕಾರ್ಡನ್ನೂ ಬಿಗಿಯಾಗಿ ಎದೆಗೆ ಹಿಡಿದ.

"ಕೊಡಲ್ಲ ಹೋಗೋ! ನಮ್ಮ ಕೋಚು ಮುತ್ತಿಟ್ಟ ಚಡ್ಡಿ ಇದು. ಇಂಥದ್ದು ಪ್ರಪಂಚದಲ್ಲಿ ಒಂದೇ!"

ಹೆಂಡತಿ ಕನ್ನಡಕ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಒಂದೇ ಯಾಕಣ್ಣಾ? ಬೇಕಿದ್ರೆ ಹೇಳಿ, ನಮ್ಮ ಟೆರೇಸ್ ಮೇಲೆ ಇನ್ನೂ ಮೂರು ಒಣಗ್ತಾ ಇವೆ."