ಹುಣಸೇಬೀದಿಯ ಸುರಕ್ಷತಾ ತಜ್ಞರು

ಬಹಳ ಹಿಂದೆ, ಅಂದರೆ ಈಗಿರುವ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ನಿಶ್ಚಿಂತಪುರವೆಂಬ ರಾಜ್ಯವಿತ್ತು. ಅದನ್ನು ಅಭಯಕೇತು ಮಹಾರಾಜರು ಆಳುತ್ತಿದ್ದರು. ಮಹಾರಾಜರಿಗೆ ಯಾವ ಭಯವೂ ಇರಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಕತ್ತಿ ಹಿರಿದ ಹನ್ನೆರಡು ಮಂದಿ ಭಟರು ಜೊತೆಗಿರುತ್ತಿದ್ದುದರಿಂದ ಭಯಪಡುವ ಕೆಲಸವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು.

ಆ ರಾಜಧಾನಿಯ ಹುಣಸೇಬೀದಿಯಲ್ಲಿ ಸಣ್ಣೀರಮ್ಮ ಎಂಬಾಕೆ ಇಡ್ಲಿ ಮಾರಿ ಬದುಕುತ್ತಿದ್ದಳು. ಒಂದೇ ಸಲಕ್ಕೆ ಅರವತ್ತು ಇಡ್ಲಿ ಬೇಯುವ ತಾಮ್ರದ ಹಂಡೆಯೊಂದು ಅವಳಲ್ಲಿತ್ತು. ಗಂಡ ಸತ್ತಮೇಲೆ ಮೂವರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಆ ಹಂಡೆಯೇ. ಪಕ್ಕದ ಮನೆಯ ಹೊನ್ನಜ್ಜಿ ದಿನವಿಡೀ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಬೀದಿಯಲ್ಲಿ ಹೊಸ ಮುಖ ಕಂಡರೆ ಯಾರ ಮನೆಗೆ ಬಂದಿರಿ ಎಂದು ಕೇಳುವುದು ಅವಳ ಪದ್ಧತಿ. ಕಳ್ಳರಿಗೆ ಈ ಪ್ರಶ್ನೆಯೆಂದರೆ ಸಿಂಹಸ್ವಪ್ನ. ಉತ್ತರ ಹೇಳಿದರೆ ಬೆಲ್ಲ ನೀರು ಬರುತ್ತಿತ್ತು, ಆಮೇಲೆ ತಾಯಿಯ ತವರು ಯಾವುದು, ನಕ್ಷತ್ರ ಯಾವುದು ಎಂಬ ವಿಚಾರಣೆ. ಹೀಗೆ ಹಾಡಹಗಲೇ ಕನ್ನ ಹಾಕಲು ಬಂದಿದ್ದವನೊಬ್ಬ ಮದುವೆ ನಿಶ್ಚಯ ಮಾಡಿಕೊಂಡು ಹಿಂದಿರುಗಿದ. ಈಗ ಅದೇ ಬೀದಿಯಲ್ಲಿ ಸೊಪ್ಪಿನ ವ್ಯಾಪಾರಿ.

ಹೀಗಿರಲು ಸುರಕ್ಷಾಮಾತ್ಯರಾದ ವಾಗ್ಭೂಷಣರು ಕಡಲತೀರದ ರಾಜ್ಯವೊಂದಕ್ಕೆ ನಲವತ್ತು ದಿನಗಳ ಅಧ್ಯಯನ ಪ್ರವಾಸ ಹೋಗಿ, ಮೈ ಕಂದಿಸಿಕೊಂಡು ಮರಳಿ, ವರದಿ ಸಲ್ಲಿಸಿದರು. ಜಗಲಿಯಿದ್ದರೆ ಜನ ಕೂರುತ್ತಾರೆ, ಕೂತರೆ ಮಾತಾಡುತ್ತಾರೆ, ಮಾತಾಡಿದರೆ ಎಲ್ಲಿ ಏನು ಕಳುವಾಯಿತೆಂದು ಎಲ್ಲರಿಗೂ ತಿಳಿಯುತ್ತದೆ, ಇದರಿಂದಾಗಿ ಅಪರಾಧದ ಪ್ರಮಾಣ ಏರುತ್ತದೆ ಎಂಬುದು ವರದಿಯ ಸಾರಾಂಶ.

“ಇದು ನಮಗೇ ಹೊಳೆಯಬೇಕಿತ್ತಲ್ಲ, ಅಮಾತ್ಯರೇ,” ಎಂದರು ಮಹಾರಾಜರು.

“ಪ್ರಭುಗಳಿಗೆ ಹೊಳೆಯಲಿದ್ದುದನ್ನೇ ಬರೆದಿದ್ದೇನೆ. ತಮಗಿಂತ ಮೊದಲು ಬರೆದದ್ದು ನನ್ನ ತಪ್ಪು, ಕ್ಷಮಿಸಬೇಕು.”

ಮಹಾರಾಜರು ಕ್ಷಮಿಸಿ, ವಾರದೊಳಗೆ ರಾಜ್ಯದ ಜಗಲಿಗಳನ್ನೆಲ್ಲ ಒಡೆಸಿದರು. ಅವುಗಳ ಬದಲಿಗೆ ಬೀದಿಗೊಂದರಂತೆ ಸ್ಮಾರ್ಟ್ ನೇತ್ರಸ್ತಂಭ ನೆಡಿಸಲಾಯಿತು. ಅದು ಬಣ್ಣ ಬಳಿದ ಮರದ ಕಂಬ, ಮೇಲೆ ಎರಡು ದೊಡ್ಡ ಕಣ್ಣು, ಕಣ್ಣಿನಲ್ಲಿ ಹಿತ್ತಾಳೆಯ ಪಾಪೆ. ಇದು ನೋಡುತ್ತದೆಯೇ ಎಂದು ಸಣ್ಣೀರಮ್ಮ ಕಂಬ ನೆಡುವವನನ್ನು ಕೇಳಿದಾಗ, ನೋಡುವ ಭಾಗ ಎರಡನೇ ಹಂತದಲ್ಲಿ ಬರುತ್ತದೆ ಎಂಬ ಉತ್ತರ ಬಂತು. ಹೊನ್ನಜ್ಜಿ ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಬೀದಿ ಭಣಗುಟ್ಟಿತು.

ಜೊತೆಗೇ ಇನ್ನೊಂದು ಘೋಷಣೆ ಹೊರಬಿತ್ತು. ನೂರು ದಿನ ಒಂದೂ ದೂರು ದಾಖಲಾಗದ ಬೀದಿಗೆ ‘ಅಪರಾಧಮುಕ್ತ ಬೀದಿ’ ಎಂಬ ಬಿರುದು, ಅಲ್ಲಿನ ಕೊತ್ವಾಲನಿಗೆ ಬಡ್ತಿ. ಹುಣಸೇಬೀದಿಯ ಕೊತ್ವಾಲ ದಂಡಪಾಣಿಯ ಮುಖದಲ್ಲಿ ಅಂದಿನಿಂದ ಒಂದು ವಿಶೇಷ ಕಳೆ ಮೂಡಿತು.

ತೊಂಬತ್ತೇಳನೆಯ ದಿನ ಸುರಕ್ಷತಾ ಸಪ್ತಾಹದ ಉದ್ಘಾಟನೆ. ನಾಗರಿಕರೆಲ್ಲರೂ ಬೆಳಿಗ್ಗೆ ಹತ್ತಕ್ಕೆ ಮೈದಾನದಲ್ಲಿ ಸೇರಿ ‘ನನ್ನ ಮನೆಯನ್ನು ನಾನೇ ಕಾಯುತ್ತೇನೆ’ ಎಂದು ಪ್ರತಿಜ್ಞೆ ಮಾಡಬೇಕು, ಮನೆಯಲ್ಲಿ ಉಳಿದವರನ್ನು ಶಂಕಿತರೆಂದು ಪರಿಗಣಿಸಲಾಗುವುದು ಎಂದು ಡಂಗುರವಾಗಿತ್ತು. ಸಣ್ಣೀರಮ್ಮ ಒಲೆ ಆರಿಸಿ ಹೋದಳು. ಬಿಸಿಲಲ್ಲಿ ಮೂರು ತಾಸು ಬಲಗೈ ಮುಂದೆ ಚಾಚಿ ನಿಂತು, ಕೈ ಮರಗಟ್ಟಿ ಹಿಂದಿರುಗಿದಾಗ ಮನೆಯ ಬಾಗಿಲು ತೆರೆದಿತ್ತು. ಹಂಡೆ ಇರಲಿಲ್ಲ. ನೇತ್ರಸ್ತಂಭದ ಪಾಪೆಗಳೂ ಇರಲಿಲ್ಲ.

ಅವಳು ಒಲೆಯ ಮುಂದೆ ಕುಕ್ಕರಿಸಿ ನೋಡಿದಳು. ಹಂಡೆ ಕೂರುತ್ತಿದ್ದ ಜಾಗದಲ್ಲಿ ಮಸಿಯ ಉಂಗುರವೊಂದು ಉಳಿದಿತ್ತು. ಆಮೇಲೆ ಸೆರಗು ಕೊಡವಿ ಎದ್ದು ಕೊತ್ವಾಲನ ಕಚೇರಿಗೆ ನಡೆದಳು.

ದಂಡಪಾಣಿ ಬಹಳ ಮರ್ಯಾದೆಯಿಂದಲೇ ಕೂರಿಸಿದ. ಇನ್ನು ಮೂರೇ ದಿನ ಬಾಕಿಯಿದೆ, ಹಂಡೆಯ ಕಳವನ್ನು ನಾಲ್ಕು ದಿನ ಮುಂದೂಡಲಾದೀತೇ ಎಂದು ವಿಚಾರಿಸಿದ. ಆಗದೆಂದು ತಿಳಿದ ಮೇಲೆ ಅವನ ದನಿ ಬದಲಾಯಿತು.

“ಹಂಡೆ ಇತ್ತು ಅನ್ನೋಕೆ ಸಾಕ್ಷಿ ಏನಮ್ಮ?”

“ದಿನಾ ಬೆಳಿಗ್ಗೆ ಆರಾರು ಇಡ್ಲಿ ತಿಂದಿದ್ದೀರಲ್ಲ ಸ್ವಾಮಿ. ಅದನ್ನೇನು ಚೊಂಬಲ್ಲಿ ಬೇಯಿಸಿದ್ನಾ?”

ಕೊತ್ವಾಲ ಹೊಟ್ಟೆ ಸವರಿಕೊಂಡು, ಹಂಡೆಯು ಸ್ವಇಚ್ಛೆಯಿಂದ ಸ್ಥಳಾಂತರಗೊಂಡಿದೆ ಎಂದು ಬರೆದು ಕಡತ ಮುಚ್ಚಿದ.

ಸಣ್ಣೀರಮ್ಮ ಅಳಲಿಲ್ಲ. ನೇರವಾಗಿ ಬೀದಿಗೆ ಮರಳಿ ಹೊನ್ನಜ್ಜಿಯನ್ನು ಹೊರಗೆ ಕರೆದಳು. ಒಡೆದ ಜಗಲಿಯ ಕಲ್ಲುಗಳು ಅಲ್ಲೇ ಬಿದ್ದಿದ್ದವು. ಇಬ್ಬರೂ ಒಂದೊಂದನ್ನು ಬಾಗಿಲ ಬಳಿಗೆ ಉರುಳಿಸಿಕೊಂಡು ಕೂತರು. ಎಷ್ಟೋ ದಿನದ ಮೇಲೆ ಬಾಯಿಗೆ ಕೆಲಸ ಸಿಕ್ಕಿ ಹೊನ್ನಜ್ಜಿಗೆ ಹತ್ತು ವರ್ಷ ಕಡಿಮೆಯಾದಂತಾಯಿತು. ಹೋಗಿಬರುವವರನ್ನೆಲ್ಲ ಮಾತಾಡಿಸಿದಳು. ಆಚೆಮನೆ, ಈಚೆಮನೆಯವರೂ ಕಲ್ಲು ಉರುಳಿಸಿಕೊಂಡು ಬಂದು ಕೂತರು. ಕಳೆದುಕೊಂಡದ್ದನ್ನು ಹೇಳಿಕೊಳ್ಳುತ್ತಾ ಹೋದಂತೆ, ಹದಿನೇಳು ಮನೆಗಳಿಂದ ಸಾಮಾನು ‘ಸ್ಥಳಾಂತರ’ಗೊಂಡಿರುವುದು ಬಯಲಾಯಿತು.

ನೂರನೆಯ ದಿನದ ಮಧ್ಯಾಹ್ನ, ಸಣಕಲು ಮೈಯವನೊಬ್ಬ ಗೋಣಿಚೀಲ ಹೆಗಲಿಗೇರಿಸಿಕೊಂಡು ಬೀದಿಗೆ ಬಂದ. ಅವನ ಹೆಸರು ಚಲುವ.

“ಯಾರ ಮನೇಗ್ ಬಂದ್ಯಪ್ಪಾ?” ಎಂದಳು ಹೊನ್ನಜ್ಜಿ.

ಈ ರಾಜ್ಯದಲ್ಲಿ ಮೂರು ತಿಂಗಳಿಂದ ಯಾರೂ ಅವನನ್ನು ಏನನ್ನೂ ಕೇಳಿರಲಿಲ್ಲ. ಸುಳ್ಳು ಹೇಳುವ ಅಭ್ಯಾಸವೇ ತಪ್ಪಿಹೋಗಿತ್ತು.

“ನಿಮ್ಮ ಮನೇಗೇ ಅಜ್ಜಿ. ಮೊನ್ನೆ ಈ ಅಕ್ಕನ ಮನೆ ಆಯ್ತು.”

ಬೆಲ್ಲ ನೀರು ಕುಡಿಸಿ, ಅವನ ಗುಡಿಸಲಿನಿಂದ ಹಂಡೆಯನ್ನೂ ಹೊರಿಸಿಕೊಂಡು, ಬೀದಿಯವರೆಲ್ಲ ಸೇರಿ ಅವನನ್ನು ಕೊತ್ವಾಲನ ಬಳಿಗೆ ಕರೆದೊಯ್ದರು. ಸಣ್ಣೀರಮ್ಮ ಎಲ್ಲರಿಗಿಂತ ಮುಂದೆ ಇದ್ದಳು. ನಾಳೆಯ ಹಿಟ್ಟಿಗೆ ಅಕ್ಕಿ ನೆನೆಹಾಕಿಯೇ ಹೊರಟಿದ್ದಳು.

ಬಿರುದು ಪ್ರದಾನಕ್ಕೆಂದು ಕಚೇರಿಯ ಮುಂದೆ ಮಾವಿನ ತೋರಣ ಕಟ್ಟಿತ್ತು, ಮಹಾರಾಜರ ಪಲ್ಲಕ್ಕಿ ಹೊರಟ ಸುದ್ದಿಯೂ ಬಂದಿತ್ತು. ದಂಡಪಾಣಿ ಬಿಳಿಚಿಕೊಂಡ.

“ಇಂಥ ದಿನ ಕಳ್ಳನ್ನ ಹಿಡ್ಕೊಂಡು ಬಂದಿದ್ದೀರಲ್ಲ, ನಿಮಗೇನಾದರೂ ಜವಾಬ್ದಾರಿ ಇದೆಯೇನಮ್ಮ?”

ಅಷ್ಟರಲ್ಲಿ ವಾಗ್ಭೂಷಣರು ಬಂದರು. ವಿಷಯ ಕೇಳಿ ಕ್ಷಣಕಾಲ ಕಣ್ಣು ಮುಚ್ಚಿದರು. ಕಳ್ಳನಿದ್ದರೆ ಕಳವು ಇರಬೇಕಾಗುತ್ತದೆ, ದಾಖಲೆಯ ಪ್ರಕಾರ ಕಳವಿಲ್ಲ, ಆದ್ದರಿಂದ ಈತ ಕಳ್ಳನಲ್ಲ ಎಂದು ನಿರ್ಣಯಿಸಿದರು. ಹಾಗಾದರೆ ಈತ ಯಾರು ಎಂಬ ಪ್ರಶ್ನೆ ಉಳಿಯಿತು. ಬೀದಿಯ ಪ್ರತಿಯೊಂದು ಬಾಗಿಲಿನ ದೌರ್ಬಲ್ಯವನ್ನು ಈತನಷ್ಟು ಬಲ್ಲವರು ರಾಜ್ಯದಲ್ಲೇ ಇಲ್ಲವೆಂದು ವಿಚಾರಣೆಯಿಂದ ತಿಳಿಯಿತು. ಸಂಜೆಯ ಸಮಾರಂಭದಲ್ಲಿ ಮಹಾರಾಜರು ಚಲುವನಿಗೆ ಜರಿಪೇಟ ತೊಡಿಸಿ ‘ರಾಜ್ಯ ಸುರಕ್ಷತಾ ತಜ್ಞ’ ಎಂದು ಘೋಷಿಸಿದರು. ಹನ್ನೆರಡು ಭಟರ ನಡುವಿನಿಂದಲೇ ಅವನನ್ನು ತಬ್ಬಿಕೊಂಡರು. ಅಪ್ಪುಗೆ ಬಿಟ್ಟ ಮೇಲೆ ಅವರ ಬೆರಳಿನ ವಜ್ರದುಂಗುರ ಕಾಣಲಿಲ್ಲ. ಅದೂ ಸ್ವಇಚ್ಛೆಯಿಂದ ಸ್ಥಳಾಂತರಗೊಂಡಿದೆ ಎಂದು ಕೊತ್ವಾಲ ಬರೆದುಕೊಂಡ.

ಕಳುವಾಗದ ಹಂಡೆ ಸಿಗಲು ಸಾಧ್ಯವಿಲ್ಲವಾದ್ದರಿಂದ ಅದು ಅರಮನೆಯ ವಸ್ತುಸಂಗ್ರಹಾಲಯ ಸೇರಿತು. ಅನಧಿಕೃತವಾಗಿ ಕೂತ ತಪ್ಪಿಗೆ ಸಣ್ಣೀರಮ್ಮನೂ ಹೊನ್ನಜ್ಜಿಯೂ ಸಮಾರಂಭ ಮುಗಿಯುವವರೆಗೂ ನಿಂತಿರಬೇಕೆಂದು ಆಜ್ಞೆಯಾಯಿತು. ಸಣ್ಣೀರಮ್ಮ ಅಜ್ಜಿಯ ತೋಳು ಹಿಡಿದು, ಹಂಡೆಯನ್ನು ಹೊತ್ತೊಯ್ಯುತ್ತಿದ್ದ ಭಟರನ್ನೇ ಕಣ್ಮರೆಯಾಗುವ ತನಕ ನೋಡಿದಳು.

ಮರುದಿನ ಹೊಸ ರಾಜಾಜ್ಞೆ ಬಂತು. ಪ್ರಜೆಗಳು ತಮ್ಮ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ತಜ್ಞರ ಕಚೇರಿಯಲ್ಲಿ ಜಮಾ ಮಾಡತಕ್ಕದ್ದು. ಜನ ಸಾಲುಗಟ್ಟಿ ನಿಂತು ಜಮಾ ಮಾಡಿದರು. ಸಣ್ಣೀರಮ್ಮನೂ ಮಾಡಿದಳು. ಮನೆಗೆ ಮರಳಿದ ಮೇಲೆ ತಾನು ಬಾಗಿಲಿನ ಹೊರಗಿರುವುದು ಅವಳಿಗೆ ಹೊಳೆಯಿತು. ಒಳಗೆ ಹೋಗಲು ಅರ್ಜಿ ಹಾಕಬೇಕಿತ್ತು, ಹಾಕಿದಳು.

ಚಲುವ ಜರಿಪೇಟದಲ್ಲೇ, ಕೊತ್ವಾಲನನ್ನೂ ತಮಟೆಯವರನ್ನೂ ಕರೆದುಕೊಂಡು ಬಂದ. ಬೀಗದ ಕೈ ತಂದಿರಲಿಲ್ಲ. ಕಿವಿಯ ಹಿಂದಿದ್ದ ತಂತಿಯೊಂದನ್ನು ತೆಗೆದು ಎರಡು ಸಲ ತಿರುವುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಸೇವಾ ಶುಲ್ಕವಾಗಿ ಮನೆಯೊಳಗಿನ ಯಾವುದಾದರೂ ಒಂದು ವಸ್ತು, ಆಯ್ಕೆ ತಜ್ಞರದು, ಎಂದು ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿತ್ತು. ಅವನು ಒಳಗೆಲ್ಲ ಕಣ್ಣಾಡಿಸಿ, ಬೇರೇನೂ ಕಾಣದೆ, ಹಿಟ್ಟು ರುಬ್ಬುವ ಕಲ್ಲನ್ನು ಆರಿಸಿಕೊಂಡ. ಆದರೆ ತಜ್ಞರು ಭಾರ ಎತ್ತುವುದು ಪದವಿಗೆ ಶೋಭೆಯಲ್ಲವೆಂದು ಕೊತ್ವಾಲ ನೆನಪಿಸಿದ.

ಆದ್ದರಿಂದ ಸಣ್ಣೀರಮ್ಮನೇ ಸಿಂಬೆ ಸುತ್ತಿ, ಕಲ್ಲನ್ನು ತಲೆಯ ಮೇಲೆ ಹೊತ್ತು ತಜ್ಞರ ಕಚೇರಿಯತ್ತ ಹೊರಟಳು. ಮುಂದೆ ತಮಟೆಯವರು, ಹಿಂದೆ ಕೊತ್ವಾಲ. ಚಲುವ ಪಕ್ಕದಲ್ಲೇ ನಡೆಯುತ್ತ, ನಿಜವಾದ ಕಾಳಜಿಯಿಂದ ಹೇಳಿದ:

“ನಿಧಾನ ಅಕ್ಕಾ. ಕಾಲ್ಮೇಲೆ ಬೀಳಿಸ್ಕೊಂಡೀರಿ. ಮೊದಲು ಸುರಕ್ಷತೆ.”